ಪಿಸ್ತೂಲು ಆರಿಸಿಕೊಟ್ಟವನು

ಹ್ಯೂಸ್ಟನ್
22 ಜುಲೈ 2024

ಸಂಪತ್,

ಲಕೋಟೆಯ ಮೇಲಿನ ಹೆಸರು ನೋಡಿಯೂ ಇದನ್ನು ಬಿಸಾಡದೆ ಒಡೆದಿದ್ದೀಯ ಎಂದರೆ ಅರ್ಧ ಕೆಲಸ ಆದ ಹಾಗೆ. ಹನ್ನೆರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಾವಿಬ್ಬರೂ ಬಾಯಿ ತೆರೆದರೆ ಜಗಳವೇ. ನೀನು ಎಂಜಿನಿಯರಿಂಗು, ನಾನು ಡಾಕ್ಟರಿಕೆ ಓದುತ್ತ ಹುಬ್ಬಳ್ಳಿಯ ವಿದ್ಯಾನಗರದ ಬಾಡಿಗೆ ಕೋಣೆಯಲ್ಲಿ ಐದು ವರ್ಷ ಒಟ್ಟಿಗಿದ್ದಾಗಲೂ ಹಾಗೇ ಇತ್ತು. ಕಾಗದದಲ್ಲಾದರೆ ಒಬ್ಬನ ಮಾತು ಮುಗಿಯುವ ತನಕ ಇನ್ನೊಬ್ಬ ಸುಮ್ಮನಿರಲೇಬೇಕು.

2012ರ ಆಯುಧಪೂಜೆ ನಿನಗೆ ಮರೆತಿರಲಿಕ್ಕಿಲ್ಲ. ನಿನ್ನ ಮನೆಯಲ್ಲಿ ದೇವಿಯ ಮುಂದೆ ಲ್ಯಾಪ್‌ಟಾಪು, ಕಾರಿನ ಕೀಲಿ, ಕತ್ತರಿಯ ಪಕ್ಕದಲ್ಲಿ ನಿನ್ನ ಪಿಸ್ತೂಲಿಗೂ ಕುಂಕುಮ ಹಚ್ಚಿ ಇಟ್ಟಿದ್ದೆ. ಅದನ್ನು ತೆಗೆ ಎಂದೆ ನಾನು. ತೆಗೆಯುವುದಿಲ್ಲ ಎಂದೆ ನೀನು. ಅದೇ ವಾರ ಆಸ್ಪತ್ರೆಯಲ್ಲಿ ನಾನು ಹತ್ತೊಂಬತ್ತರ ಹುಡುಗಿಯೊಬ್ಬಳ ಹೊಟ್ಟೆಯಿಂದ ಗುಂಡು ತೆಗೆದಿದ್ದೆ. ಅವಳು ಉಳಿದಿರಲಿಲ್ಲ. ಅರ್ಧ ಉಂಡ ಎಲೆ ಬಿಟ್ಟು ಶಾಂತವ್ವನನ್ನೂ ಎಬ್ಬಿಸಿಕೊಂಡು ಹೊರಟೆ.

ಈಗ ಬರೆಯುತ್ತಿರುವ ಕಾರಣ ಇದು. ನಾನೊಂದು ಪಿಸ್ತೂಲು ಕೊಳ್ಳಬೇಕೆಂದಿದ್ದೇನೆ. ಮೊದಲನೆಯದು. ಹಳೆಯ ಮಾದರಿಯದು, ಹಳೆಯ ಚಿತ್ರಗಳಲ್ಲಿ ಸೈನ್ಯದ ಅಧಿಕಾರಿಗಳ ಸೊಂಟದಲ್ಲಿ ಇರುತ್ತಿತ್ತಲ್ಲ, ಆ ಬಗೆಯದು. ದುಬಾರಿಯದು ಬೇಡ. ಆದರೆ ಕೈಕೊಡಬಾರದು. ಕಂಪ್ಯೂಟರಿನ ಯಾವ ಚಿಪ್ಪು ಯಾವಾಗ ಕೆಡುತ್ತದೆ ಎಂದು ಹೇಳುವುದೇ ಮೂವತ್ತು ವರ್ಷ ನಿನ್ನ ಕೆಲಸವಾಗಿತ್ತು. ನಿನಗಿಂತ ಚೆನ್ನಾಗಿ ಇದನ್ನು ಹೇಳುವವರು ಟೆಕ್ಸಾಸಿನಲ್ಲಿ ನನಗೆ ಯಾರೂ ಗೊತ್ತಿಲ್ಲ.

ಶಾಂತವ್ವ ಜೂನ್‌ನಿಂದ ಡಲ್ಲಾಸ್ ಹತ್ತಿರ ಕ್ಯಾರಲ್ಟನ್‌ನಲ್ಲಿದ್ದಾಳೆ, ಮಗಳು ನಿವೇದಿತಾಳ ಬಾಣಂತನಕ್ಕೆ. ಹೆಣ್ಣು ಕೂಸು. ದಸರೆಯ ಹೊತ್ತಿಗೆ ವಾಪಸಾಗುತ್ತಾಳೆ. ಅಷ್ಟರೊಳಗೆ ಇದನ್ನು ಮುಗಿಸಬೇಕೆಂದಿದೆ. ಅವಳಿಗೆ ಹೇಳಬೇಡ.

ತುಂಗಾಗೆ ನೆನಪುಗಳು.

ಅಣ್ಣಾಸಾಹೇಬ


ಸೀಡರ್ ಪಾರ್ಕ್
27 ಜುಲೈ 2024

ಡಾಕ್ಟರ್ ಅಣ್ಣಾಸಾಹೇಬರೇ!

ಕುರ್ಚಿಯಲ್ಲಿ ಕೂತು ಓದಿದ್ದಕ್ಕೆ ಬಚಾವಾದೆ. ನಿಂತಿದ್ದರೆ ಬಿದ್ದು ಸೊಂಟ ಮುರಿದುಕೊಂಡು ನಿಮ್ಮದೇ ಆಸ್ಪತ್ರೆಗೆ ಬರಬೇಕಾಗುತ್ತಿತ್ತು. ನೀನು! ಪಿಸ್ತೂಲು! ಪತ್ರವನ್ನು ಮೂರು ಸಲ ಓದಿದೆ. ಆಮೇಲೆ ತುಂಗಾಗೆ ಕೂಗಿ ಹೇಳಿದೆ. ಅವಳು ಒಗ್ಗರಣೆ ಸೀಯಿಸಿಕೊಂಡಳು.

ಹನ್ನೆರಡು ವರ್ಷ ಕಾದೆ, ಮಹಾರಾಯ. ಒಂದಲ್ಲ ಒಂದು ದಿನ ನಿನಗೆ ಬುದ್ಧಿ ಬರುತ್ತದೆ ಅಂತ ನನಗೆ ಗೊತ್ತಿತ್ತು. ಯಾಕೆ ಅಂತ ನೀನು ಬರೆಯದಿದ್ದರೂ ನಾನು ಊಹಿಸಬಲ್ಲೆ. ಈ ತಿಂಗಳ ಬಿರುಗಾಳಿಗೆ ಹ್ಯೂಸ್ಟನ್ನಿನಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಮನೆಯಲ್ಲಿ ನೀನೊಬ್ಬನೇ. ಬೀದಿಯೆಲ್ಲ ಕತ್ತಲೆ. ಹೆದರಿಕೆ ಆಗಿರುತ್ತದೆ. ನಾಚಿಕೊಳ್ಳಬೇಡ, ಯಾರಿಗಾದರೂ ಆಗುತ್ತದೆ.

ಈಗ ಪಾಠ ಕೇಳು. ನೀನು ಹೇಳುತ್ತಿರುವುದಕ್ಕೆ ಇಲ್ಲಿ ನೈಂಟೀನ್ ಇಲೆವೆನ್ ಅನ್ನುತ್ತಾರೆ. 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಮಾದರಿ. ಇದು ಸೆಮಿ ಆಟೋಮ್ಯಾಟಿಕ್, ಎಂದರೆ ಪ್ರತಿ ಗುಂಡಿಗೂ ಒಂದು ಸಲ ಟ್ರಿಗರ್ ಒತ್ತಬೇಕು, ಮುಂದಿನ ಗುಂಡು ತಾನೇ ಬಂದು ಕೂರುತ್ತದೆ. ನೂರು ವರ್ಷ ದಾಟಿದರೂ ಈ ಮಾದರಿಗೆ ಮುಪ್ಪಿಲ್ಲ. ಪೂರ್ತಿ ಉಕ್ಕು. ಈಗಿನ ಪ್ಲಾಸ್ಟಿಕ್ ಪಿಸ್ತೂಲುಗಳನ್ನು ಇದರ ಪಕ್ಕ ಇಟ್ಟರೆ ಆಟಿಕೆಯ ಹಾಗೆ ಕಾಣುತ್ತವೆ. ಅಮೆರಿಕದಲ್ಲೇ ಮಾಡಿದ್ದು ದುಬಾರಿ. ಫಿಲಿಪೈನ್ಸಿನಲ್ಲಿ, ಟರ್ಕಿಯಲ್ಲಿ ಮಾಡಿದವು ಅರ್ಧ ಬೆಲೆಗೆ ಸಿಗುತ್ತವೆ. ಹೊಸಬನಿಗೆ ಅವು ಧಾರಾಳವಾಗಿ ಸಾಕು.

ಒಂದು ಮಾತು ಬರೆದಿಟ್ಟುಕೋ. ಹೊಸ ಪಿಸ್ತೂಲನ್ನು ಅಂಗಡಿಯಿಂದ ತಂದ ದಿನವೇ ನಂಬಬಾರದು. ಗುರಿ ಅಭ್ಯಾಸದ ರೇಂಜಿನಲ್ಲಿ ಐನೂರು ಗುಂಡು ಹಾರಿಸಬೇಕು. ಅಷ್ಟರಲ್ಲಿ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಯಾವಾಗ ಮುನಿಸಿಕೊಳ್ಳುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆಯೇ ಅದು ನಿನ್ನದು. ಜಾರ್ಜ್‌ಟೌನ್ ಕಡೆ ನಾನು ಪ್ರತಿ ಶನಿವಾರ ಹೋಗುವ ರೇಂಜಿದೆ. ಬಾ, ನಾನೇ ಕಲಿಸುತ್ತೇನೆ. ಗುರುದಕ್ಷಿಣೆಗೆ ಶಾಂತವ್ವನ ಶೇಂಗಾ ಹೋಳಿಗೆ.

ಇನ್ನೊಂದು ವಿಷಯ. ನಿನ್ನ ಅಕ್ಷರಕ್ಕೇನಾಗಿದೆ? ಆಗ ಬದನೆಕಾಯಿ ಗಾತ್ರ ಬರೆಯುತ್ತಿದ್ದೆ, ಒಂದು ಪೋಸ್ಟ್‌ಕಾರ್ಡಿಗೆ ನಾಲ್ಕೇ ಸಾಲು. ಈಗ ಸಾಸಿವೆ ಚೆಲ್ಲಿದ ಹಾಗಿದೆ. ರಿಟೈರಾದ ಮೇಲೆ ಕಾಗದದಲ್ಲೂ ಜಿಪುಣತನವೇ?

ಗೆದ್ದ ಸಂತೋಷದಲ್ಲಿ,
ಸಂಪತ್


ಹ್ಯೂಸ್ಟನ್
9 ಆಗಸ್ಟ್ 2024

ಸಂಪತ್,

ಪತ್ರ ತಲುಪಿತು. ನಿನ್ನ ಸಂತೋಷ ನೋಡಿ ನನಗೂ ನಗು ಬಂತು. ಬಹಳ ದಿನದ ಮೇಲೆ ನಕ್ಕೆ.

ನೀನು ಹೇಳಿದ್ದನ್ನು ನೋಡಲು ಒಂದು ಅಂಗಡಿಗೆ ಹೋಗಿದ್ದೆ. ಕೌಂಟರಿನಲ್ಲಿ ನಮ್ಮ ವಯಸ್ಸಿನ ಹೆಂಗಸು, ತಲೆ ಪೂರ್ತಿ ಬೆಳ್ಳಗೆ. ಅವಳು ಮೊದಲು ಕೇಳಿದ್ದೇ ಯಾಕೆ ಬೇಕು ಎಂದು. ಮನೆಯ ರಕ್ಷಣೆಗೋ, ಹವ್ಯಾಸಕ್ಕೋ ಎಂದಳು. ನಾನು ಮನೆಗೆ ಎಂದೆ. ಇನ್ನೂ ಏನಾದರೂ ಕೇಳುತ್ತಾಳೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು.

ಅವಳು ಕೈಗೆ ಕೊಟ್ಟದ್ದು ಭಾರವಾಗಿತ್ತು. ಮೇಲಿನ ಉಕ್ಕಿನ ಭಾಗವನ್ನು ಹಿಂದಕ್ಕೆ ಎಳೆಯಬೇಕಲ್ಲ, ಅದು ನನಗೆ ಆಗಲಿಲ್ಲ. ಎರಡು ಸಲ ನೋಡಿದೆ. ಕೈಯಲ್ಲಿ ಮೊದಲಿನ ಹಿಡಿತ ಇಲ್ಲ. ಹಗುರವಾಗಿ ಎಳೆಯಲು ಬರುವುದು ಇದೇ ಮಾದರಿಯಲ್ಲಿ ಸಿಗುತ್ತದೆಯೇ ತಿಳಿಸು.

ಐನೂರು ಗುಂಡು ಎಂದಿದ್ದೀ. ಅಷ್ಟು ಯಾಕಪ್ಪಾ? ನನ್ನ ಕೆಲಸ ಸಣ್ಣದು.

ಮೊನ್ನೆ ವೀಡಿಯೊದಲ್ಲಿ ಮೊಮ್ಮಗಳನ್ನು ತೋರಿಸಿದರು. ಮುಷ್ಟಿ ಬಿಗಿಹಿಡಿದು ಮಲಗಿತ್ತು. ಆ ಹಿಡಿತ ನೋಡಬೇಕು ನೀನು. ಬಾಣಂತಿಯ ಮನೆ, ಎಲ್ಲರೂ ಸಂತೋಷವಾಗಿದ್ದಾರೆ. ನನ್ನದೇನೂ ಅಲ್ಲಿ ಹೇಳುವುದು ಬೇಡ ಎಂದುಕೊಂಡಿದ್ದೇನೆ.

ಅಣ್ಣಾಸಾಹೇಬ


ಸೀಡರ್ ಪಾರ್ಕ್
14 ಆಗಸ್ಟ್ 2024

ಪ್ರಿಯ ಶಿಷ್ಯನಿಗೆ,

ಜೊತೆಗಿರುವ ಐದು ಹಾಳೆ ನೋಡಿ ಗಾಬರಿಯಾಗಬೇಡ. ಒಂಬತ್ತು ಪಿಸ್ತೂಲುಗಳ ಪಟ್ಟಿ. ಬೆಲೆ, ತೂಕ, ಸ್ಪ್ರಿಂಗಿನ ಬಿಗಿ, ಕೊಂಡವರು ಬರೆದ ದೂರುಗಳು, ಸಾವಿರ ಗುಂಡಿಗೆ ಎಷ್ಟು ಸಲ ತಡೆಯಿತು, ಎಲ್ಲವನ್ನೂ ಕಲೆಹಾಕಿ ಅಂಕ ಕೊಟ್ಟಿದ್ದೇನೆ. ಹತ್ತು ದಿನದ ಕೆಲಸವನ್ನು ನಾಲ್ಕು ದಿನದಲ್ಲಿ ಮಾಡಿದೆ. "ಆಫೀಸ್‌ನಲ್ಲಿ ಇದ್ದಾಗ್ಲೂ ಇಷ್ಟು ನಿಯತ್ತಾಗಿ ಕೆಲ್ಸ ಮಾಡಿರ್ಲಿಲ್ಲ ನೀವು" ಅಂತ ತುಂಗಾ ಆಡಿಕೊಳ್ಳುತ್ತಿದ್ದಾಳೆ.

ನಿನ್ನ ಕೈಗೆ ನಲವತ್ತೈದರ ದೊಡ್ಡ ಗುಂಡಿನದು ಬೇಡ. ಅದೇ ರೂಪ, ಅದೇ ಉಕ್ಕು, ಆದರೆ ಒಂಬತ್ತು ಮಿಲಿಮೀಟರಿನದು ಬರುತ್ತದೆ. ಸ್ಪ್ರಿಂಗ್ ಮೃದು. ಎಳೆಯುವುದು ಸುಲಭ. ಪಟ್ಟಿಯಲ್ಲಿ ಕೆಂಪು ಗೆರೆ ಹಾಕಿರುವುದೇ ನಿನ್ನದು. ಕೆಡುವುದಿದ್ದರೆ ಮೊದಲು ಕೆಡುವುದು ಗುಂಡು ತುಂಬುವ ಮ್ಯಾಗಝೀನು, ಪಿಸ್ತೂಲಲ್ಲ. ಆದ್ದರಿಂದ ಒಳ್ಳೆಯ ಮ್ಯಾಗಝೀನು ಎರಡು ತಗೋ.

ಐನೂರು ಯಾಕೆ ಎನ್ನುತ್ತೀಯಲ್ಲ, ಇದೇ ನಿಮ್ಮ ಡಾಕ್ಟರುಗಳ ಅವಸರ. ನಂಬಿಕೆ ಅನ್ನುವುದು ಲೆಕ್ಕದಿಂದ ಬರುತ್ತದೆ ಕಣೋ. ಸಣ್ಣ ಕೆಲಸವೋ ದೊಡ್ಡ ಕೆಲಸವೋ, ಪರೀಕ್ಷೆ ಮಾಡದೆ ಏನನ್ನೂ ನಂಬಬೇಡ.

ಈ ಸಲದ ಅಕ್ಷರ ಓದಲು ಭೂತಗನ್ನಡಿ ಬೇಕಾಯಿತು. ತುಂಗಾ ನಿಮ್ಮಿಬ್ಬರನ್ನೂ ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ಬರೆದಿದ್ದೇನೆ.

ನಿನ್ನ ಗುರು,
ಸಂಪತ್


ಹ್ಯೂಸ್ಟನ್
6 ಸೆಪ್ಟೆಂಬರ್ 2024

ಸಂಪತ್,

ನೀನು ಕೆಂಪು ಗೆರೆ ಹಾಕಿದ್ದನ್ನೇ ತಂದೆ. ನೋಡಲು ಚೆನ್ನಾಗಿದೆ. ಹಾಗೆ ಅನ್ನಿಸುತ್ತದೆಂದು ನಾನು ಎಣಿಸಿರಲಿಲ್ಲ. ಎಳೆಯುವುದು ಸುಲಭವೇ. ಗುಂಡಿನದು ಒಂದೇ ಪೆಟ್ಟಿಗೆ ತಂದೆ. ಅದೂ ಹೆಚ್ಚಾಯಿತು.

ಜೊತೆಗಿರುವ ಪೊಟ್ಟಣದಲ್ಲಿ ನಮ್ಮ ವಿದ್ಯಾನಗರದ ಕೋಣೆಯ ಹಿತ್ತಾಳೆ ಬೀಗ ಇದೆ. ಕೀಲಿಯೂ ಇದೆ. ಕೋಣೆ ಬಿಟ್ಟಾಗ ಅದು ಯಾರದು ಎಂದು ಜಗಳವಾಡಿದ್ದೆವು. ನಾನೇ ಗೆದ್ದೆ. ನಿಜ ಹೇಳಬೇಕೆಂದರೆ ಅದನ್ನು ದುರ್ಗದಬೈಲಿನ ಪೇಟೆಯಲ್ಲಿ ಕೊಂಡವನು ನೀನು. ಇಟ್ಟುಕೋ.

ಆ ಪೂಜೆಯ ದಿನ ಎಲೆ ಬಿಟ್ಟು ಎದ್ದದ್ದು ನನ್ನ ತಪ್ಪು. ತುಂಗಾ ನಸುಕಿನಲ್ಲೇ ಎದ್ದು ಅಡಿಗೆ ಮಾಡಿದ್ದಳು. ಅವಳಿಗೆ ಹೇಳು.

ನಿನ್ನ ಪಟ್ಟಿಯನ್ನು ಮಡಿಸಿ ಜೋಪಾನವಾಗಿಟ್ಟಿದ್ದೇನೆ. ಐದು ಹಾಳೆ. ನನಗಾಗಿ ಯಾರೂ ಇಷ್ಟು ಕಷ್ಟಪಟ್ಟಿರಲಿಲ್ಲ.

ಅಣ್ಣಾಸಾಹೇಬ


ಸೀಡರ್ ಪಾರ್ಕ್
15 ಸೆಪ್ಟೆಂಬರ್ 2024

ಶಾಂತವ್ವ ಅವರಿಗೆ,

ಅಣ್ಣಾಸಾಹೇಬ ಫೋನಿನಲ್ಲಿ ನಿಮಗೆ ಎಲ್ಲವನ್ನೂ ಹೇಳಿದ. ನಾನು ಪಕ್ಕದಲ್ಲೇ ಇದ್ದೆ. ಅವನ ಕಾಯಿಲೆಯ ಹೆಸರು, ಮೇ ತಿಂಗಳಿನಿಂದ ಅದನ್ನು ಮುಚ್ಚಿಟ್ಟದ್ದು, ಅವನು ಏನು ಮಾಡಿಕೊಳ್ಳಲು ಹೊರಟಿದ್ದ ಎಂಬುದು, ಎಲ್ಲ. ಆಮೇಲೆ ನೀವು ಒಂದೇ ಒಂದು ಪ್ರಶ್ನೆ ಕೇಳಿದಿರಿ: "ಬಂದೂಕಿನ ಹೆಸರು ಕೇಳಿದ್ರ ಮಾರಿ ಸಿಂಡರಿಸೋ ಮನಶಾಗ ಅದನ್ನ ಆರಿಸಿ ಕೊಟ್ಟವರು ಯಾರ್ರಿ?" ಅವನು ಫೋನನ್ನು ತುಂಗಾಳ ಕೈಗೆ ಕೊಟ್ಟ. ನನ್ನ ಮರ್ಯಾದೆ ಉಳಿಸಲಿಕ್ಕೆ.

ನಾನು. ಆರಿಸಿ ಕೊಟ್ಟವನು ನಾನು.

ಶನಿವಾರ ಅವನನ್ನು ಕರೆದುಕೊಂಡು ನಿಮ್ಮಲ್ಲಿಗೆ ಬರುತ್ತೇವೆ. ನಿಮ್ಮ ಮುಖ ನೋಡಿ ಇದನ್ನು ಹೇಳುವ ಧೈರ್ಯ ನನಗಿಲ್ಲ. ಈ ಪತ್ರ ನಮಗಿಂತ ಮೊದಲು ನಿಮ್ಮನ್ನು ತಲುಪಬೇಕು ಎಂದೇ ಇವತ್ತು ಬರೆಯುತ್ತಿದ್ದೇನೆ.

ಅವನು ನನಗೆ ಮೂರು ಪತ್ರ ಬರೆದ. ಮೂರರಲ್ಲೂ ಎಲ್ಲವೂ ಇತ್ತು. ಕೈಯಲ್ಲಿ ಹಿಡಿತವಿಲ್ಲ ಎಂದ. ನಾನು ಮೃದುವಾದ ಸ್ಪ್ರಿಂಗ್ ಹುಡುಕಿದೆ. ತನ್ನ ಕೆಲಸ ಸಣ್ಣದು ಎಂದ. ನಾನು ಪರೀಕ್ಷೆಯ ಮಹತ್ವ ವಿವರಿಸಿದೆ. ನೀವು ಬರುವುದರೊಳಗೆ ಮುಗಿಸಬೇಕು ಎಂದ. ನಿಮ್ಮನ್ನು ಬೆರಗುಗೊಳಿಸಲು ಇರಬೇಕು ಅಂದುಕೊಂಡೆ! ಅವನ ಅಕ್ಷರ ಕುಗ್ಗಿದ್ದು ನೋಡಿ ಜಿಪುಣ ಎಂದು ಗೇಲಿ ಮಾಡಿದೆ. ನನಗೆ ಕಂಡದ್ದು ಒಂದೇ, ಹನ್ನೆರಡು ವರ್ಷದ ಜಗಳದಲ್ಲಿ ನಾನು ಗೆದ್ದೆ ಎಂಬುದು. ಆ ಖುಷಿಯಲ್ಲಿ ಒಂಬತ್ತು ಪಿಸ್ತೂಲಿಗೆ ಅಂಕ ಕೊಟ್ಟು, ಎಂದೂ ಕೈಕೊಡದಂಥದನ್ನು ಹುಡುಕಿ, ಕೆಂಪು ಗೆರೆ ಎಳೆದು ಅಂಚೆಗೆ ಹಾಕಿದೆ. ಇದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿದೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಪೊಟ್ಟಣ ಬಂತು. ಬೀಗ ನೋಡಿ ನಾನು ನಗುತ್ತಿದ್ದೆ. ತುಂಗಾ ಹುಳಿಗೆ ಹುಣಸೆಹಣ್ಣು ಕಿವುಚುತ್ತಿದ್ದವಳು ಕೈ ತೊಳೆದುಕೊಂಡು ಬಂದು ಕೇಳಿದಳು: "ನಲವತ್ತು ವರ್ಷ ಇಟ್ಕೊಂಡಿದ್ದ ಬೀಗಾನ ಈಗ ಯಾಕೆ ಕಳಿಸಿದ್ರು?"

"ಹಳೇ ಜಗಳ ಮುಗೀಲಿ ಅಂತ ಇರ್ಬೇಕು" ಎಂದೆ.

"ಪತ್ರ ಎಲ್ಲಾ ಕೊಡಿ ಇಲ್ಲಿ."

ಮೂರೂ ಪತ್ರಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಹರಡಿದಳು. ಓದಲಿಲ್ಲ, ಮೊದಲು ಬರೀ ನೋಡಿದಳು. ಬೆರಳನ್ನು ಮೊದಲ ಪತ್ರದಿಂದ ಮೂರನೆಯದಕ್ಕೆ ಎಳೆದಳು. "ನಮ್ಮ ದೊಡ್ಡಪ್ಪನ ಅಕ್ಷರ ಹಿಂಗೇ ಆಗಿತ್ತು ಕಣ್ರೀ. ಸಾಲು ಮುಗಿಯೋ ಹೊತ್ಗೆ ಇರುವೆ ಥರ. ಪಾರ್ಕಿನ್ಸನ್ಸ್ ಅಂದಿದ್ರು." ಆಮೇಲೆ ಓದಿದಳು. "ಒಂದು ಪೆಟ್ಟಿಗೆ ಗುಂಡೂ ಹೆಚ್ಚಾಯ್ತು ಅಂತ ಬರ್ದಿದಾರಲ್ರೀ. ನಿಮ್ಗೆ ಏನೂ ಅನ್ನಿಸ್ಲಿಲ್ವಾ?"

ಶಾಂತವ್ವ, ಆಗಲೂ ನನಗೆ ಅರ್ಥವಾಗಲಿಲ್ಲ. ಅವಳು ಬಾಯಿಬಿಟ್ಟು ಹೇಳಬೇಕಾಯಿತು. ಕಾರಿನ ಕೀಲಿ ನನ್ನ ಜೇಬಿನಲ್ಲೇ ಇತ್ತು, ಮನೆಯೆಲ್ಲ ಹುಡುಕಿದೆ.

ಅವನು ಫೋನು ಎತ್ತುತ್ತಿಲ್ಲ. ಕಾರು 290ನೇ ಹೆದ್ದಾರಿಗೆ ಹತ್ತುವುದರೊಳಗೆ ತುಂಗಾ 988ಕ್ಕೆ ಫೋನ್ ಮಾಡಿದ್ದಳು. ಇಂಥ ಹೊತ್ತಿಗೆಂದೇ ಇರುವ ನಂಬರು ಅದು. ಆ ಕಡೆಯ ಹೆಂಗಸಿನ ದನಿಯನ್ನು ಸ್ಪೀಕರಿಗೆ ಹಾಕಿದಳು. ಸುತ್ತಿ ಬಳಸಿ ಮಾತಾಡಬೇಡಿ, ನೇರವಾಗಿ ಕೇಳಿ, ಕೇಳುವುದರಿಂದ ಕೆಟ್ಟದಾಗುವುದಿಲ್ಲ, ಎಂದು ಅವರು ಹೇಳಿದರು. ತುಂಗಾ ಮತ್ತೆ ಮತ್ತೆ ಅವನ ನಂಬರು ಒತ್ತಿದಳು. ಎಲ್ಗಿನ್ ದಾಟಿತು, ಗಿಡ್ಡಿಂಗ್ಸ್ ದಾಟಿತು. ಬ್ರೆನಮ್ ಬರುವ ಹೊತ್ತಿಗೆ ಹತ್ತೊಂಬತ್ತನೇ ಸಲಕ್ಕೆ ಎತ್ತಿದ.

ತುಂಗಾ ಕ್ಷೇಮ ಸಮಾಚಾರ ಕೇಳಲಿಲ್ಲ. "ಅಣ್ಣಾಸಾಹೇಬ್ರೇ, ಸಾಯ್ಬೇಕು ಅಂತ ಅಂದ್ಕೊಂಡಿದ್ದೀರಾ?" ಎಂದಳು.

ನಾನು ಎಪ್ಪತ್ತೈದು ಮೈಲಿ ವೇಗದಲ್ಲಿದ್ದೆ. ಅವನು ಬಹಳ ಸಣ್ಣಗೆ "ಹೌದವಾ ತಂಗಿ" ಎಂದ. ಅದೊಂದು ಶಬ್ದ ಹೊರಗೆ ಬಂದದ್ದೇ ತಡ, ಅತ್ತುಬಿಟ್ಟ. ಹುಬ್ಬಳ್ಳಿಯಲ್ಲಿ ಅವನ ಅವ್ವ ತೀರಿದ ತಂತಿ ಬಂದಾಗಲೂ ಅವನು ನನ್ನೆದುರು ಅತ್ತಿರಲಿಲ್ಲ.

"ಅದನ್ನ ಡಬ್ಬೀಲಿ ಹಾಕಿ ಒಳಗಡೆ ಬಿಟ್ಬಿಡಿ. ನೀವು ಹೊರಗೆ ಬಂದು ಅಂಗಳದಲ್ಲಿ ನಿಂತ್ಕೊಳ್ಳಿ. ನಾವು ಬರೋವರ್ಗೂ ಫೋನ್ ಇಡ್ಬೇಡಿ" ಎಂದಳು. ಅವನು ಬಂದು ನಿಂತ. ಮುಂದಿನ ಒಂದು ಗಂಟೆ ಅವಳು ಅವನಿಂದ ಏನೇನು ಮಾತಾಡಿಸಿದಳು ಎಂದು ನೀವೇ ಅವಳನ್ನು ಕೇಳಿ. ಜೋಳದ ರೊಟ್ಟಿ ಬಡಿಯುವುದು ಹೇಗೆಂದು ಹದಿನೈದು ನಿಮಿಷ ಹೇಳಿಸಿಕೊಂಡದ್ದು ನೆನಪಿದೆ.

ನಾವು ಹೋದಾಗ ಆ ಬಿಸಿಲಿನಲ್ಲಿ ಬನಿಯನ್ನಿನಲ್ಲಿ ನಿಂತಿದ್ದ. ಎಡಗೈ ತನ್ನಷ್ಟಕ್ಕೆ ಅಲುಗುತ್ತಿತ್ತು. ನಾನು ಹೋಗಿ ತಬ್ಬಿಕೊಂಡೆ. ಅವನು ನನ್ನ ಹೆಗಲ ಮೇಲೆ ಮುಖ ಇಟ್ಟು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಜಗಳ ಆಡಿ ಎದ್ದು ಹೋದ ಮನಶಾ ಪಿಸ್ತೂಲ ಕೇಳಿದ್ರ ನೀ ಯಾಕಲೇ ಅಂತೀ ಅಂತ ಮಾಡಿದ್ದೆ. ಅದಕ್ಕs ನಿನಗ ಬರದೆ. ಮೂರು ಸಲ ಬರದೆ. ನೀ ಪಟ್ಟಿ ಕಳಿಸಿದಿ."

ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂಗಡಿಯ ಅಪರಿಚಿತ ಹೆಂಗಸು ಕೇಳಿದ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಒಂದೇ ಸ್ಟೋವಿನಲ್ಲಿ ಐದು ವರ್ಷ ಅನ್ನ ಬೇಯಿಸಿಕೊಂಡವನು ನಾನು.

ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ದಿನ ಇರಿಸಿಕೊಂಡರು. ನರರೋಗದ ಡಾಕ್ಟರು ಮಾತ್ರೆ ಶುರು ಮಾಡಿದ್ದಾರೆ, ಮನಸ್ಸಿನ ಡಾಕ್ಟರನ್ನು ವಾರಕ್ಕೊಮ್ಮೆ ಕಾಣಬೇಕು. ಈಗ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿದ್ದಾನೆ. ಪಿಸ್ತೂಲು ನನ್ನ ಉಕ್ಕಿನ ತಿಜೋರಿಯಲ್ಲಿದೆ. ಅದನ್ನು ಏನು ಮಾಡಬೇಕೆಂದು ನೀವು ಹೇಳಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಕ್ಷಮೆ ಕೇಳುವ ಯೋಗ್ಯತೆ ಇಲ್ಲ. ಆದರೂ ಕೇಳುತ್ತಿದ್ದೇನೆ.

ಸಂಪತ್


ಕ್ಯಾರಲ್ಟನ್
29 ಸೆಪ್ಟೆಂಬರ್ 2024

ಸಂಪತ್ ಅವರಿಗೆ,

ಶನಿವಾರ ನೀವು ಬಂದಾಗ ನಾನು ನಿಮ್ಮ ಸಂಗಡ ಮಾತಾಡಲಿಲ್ಲ. ಬೇಕೆಂದೇ ಆಡಲಿಲ್ಲ. ನಿಮ್ಮ ಎಲೆಗೆ ಬಡಿಸಿದೆ, ಅಷ್ಟೇ. ನಿಮ್ಮ ಪತ್ರ ನನಗೆ ಗುರುವಾರವೇ ಸಿಕ್ಕಿತ್ತು. ಎರಡು ದಿನ ಕೂಸಿನ ಬಟ್ಟೆ ಮಡಚುತ್ತ, ಎಣ್ಣೆ ಹಚ್ಚುತ್ತ, ನಿಮ್ಮನ್ನು ಬೈದುಕೊಂಡೆ. ನನಗೆ ಬರುವ ಬೈಗುಳ ಮುಗಿದು ಹೋದವು.

ಮುಗಿದ ಮೇಲೆ ನನ್ನದು ನೆನಪಾಯಿತು. ಮಾರ್ಚಿನಿಂದ ಅವರು ಗುಂಡಿ ಇರುವ ಅಂಗಿ ಹಾಕುವುದು ಬಿಟ್ಟಿದ್ದರು. ಎಲ್ಲ ಟೀ ಶರ್ಟು. ಅಜ್ಜ ಆಗುವ ಹೊತ್ತಿಗೆ ಹುಡುಗರ ಹಾಗೆ ಆಗುತ್ತಿದ್ದೀರಿ ಎಂದು ನಕ್ಕಿದ್ದೆ. ಗುಂಡಿ ಹಾಕಲು ಬೆರಳು ಬರುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ. ಇಲ್ಲಿಂದ ದಿನಾ ವೀಡಿಯೊದಲ್ಲಿ ಮಾತಾಡುವಾಗ ಚಿತ್ರ ಅಲುಗುತ್ತಿತ್ತು. "ನಿಮ್ಮ ನೆಟ್ ಸುಮಾರದ ನೋಡ್ರಿ, ಕಂಪನಿಯವರಿಗೆ ಫೋನ್ ಮಾಡ್ರಿ" ಎಂದು ಗದರುತ್ತಿದ್ದೆ. ಅವರು ಹೂಂ ಎನ್ನುತ್ತಿದ್ದರು. ಮೂರು ತಿಂಗಳು ನಾನು ನೆಟ್ಟಿಗೆ ಬೈದೆ. ಅಲುಗುತ್ತಿದ್ದದ್ದು ಅವರ ಕೈ.

ನಲವತ್ತೊಂದು ವರ್ಷ ಸಂಸಾರ ಮಾಡಿದವಳು ನಾನು. ನೀವು ಕೇಳಲಿಲ್ಲ, ನಾನೂ ಕೇಳಲಿಲ್ಲ. ಆದ್ದರಿಂದ ನಿಮಗೆ ಶಿಕ್ಷೆ ಕೊಡುವ ಅಧಿಕಾರ ನನಗೆ ಅರ್ಧ ಮಾತ್ರ ಉಂಟು. ಆ ಅರ್ಧವನ್ನು ಕೊಡುತ್ತೇನೆ ಕೇಳಿರಿ.

ಆ ಪಿಸ್ತೂಲನ್ನು ಮಾರಬೇಡಿ, ಯಾರಿಗೂ ಕೊಡಬೇಡಿ. ಆರಿಸಿದವರು ನೀವು, ನೀವು ಇರುವ ತನಕ ನೀವೇ ಕಾಯಬೇಕು. ಡಬ್ಬಿಗೆ ನಿಮ್ಮ ಹುಬ್ಬಳ್ಳಿ ಬೀಗ ಹಾಕಿರಿ. ಕೀಲಿ ನನಗೆ ತಂದು ಕೊಡಿರಿ. ಅದರಿಂದ ಒಂದು ಗುಂಡೂ ಹಾರಬಾರದು. ನಿಮ್ಮ ಐನೂರರ ಪರೀಕ್ಷೆ ಅದಕ್ಕೆ ಬೇಡ.

ಇನ್ನೊಂದು. ಆಯುಧಪೂಜೆಗೆ ನಾವೆಲ್ಲ ನಿಮ್ಮಲ್ಲಿಗೆ ಬರುತ್ತೇವೆ. ಕೂಸಿನ ಸಮೇತ. ಹನ್ನೆರಡು ವರ್ಷದ ಹಿಂದೆ ಅರ್ಧಕ್ಕೆ ಬಿಟ್ಟ ಊಟ ಅದು. ತುಂಗಾ ಒಬ್ಬಳೇ ಅಡಿಗೆ ಮಾಡಬಾರದು, ಹೋಳಿಗೆ ನಾನು ತರುತ್ತೇನೆ.

ಅವಳ ಕಾಲಿಗೆ ಬೀಳಬೇಕು ನಾನು. ನನಗಿಂತ ಚಿಕ್ಕವಳು, ಬೀಳಗೊಡುವುದಿಲ್ಲ.

ಶಾಂತವ್ವ


ಕ್ಯಾರಲ್ಟನ್
16 ಅಕ್ಟೋಬರ್ 2024

ಸಂಪತ್,

ಮಗಳ ಮನೆ ತಲುಪಿ ಮೂರು ದಿನವಾಯಿತು. ತುಂಗಾ ಕಟ್ಟಿಕೊಟ್ಟ ಪುಳಿಯೋಗರೆಯ ಗೊಜ್ಜು ದಾರಿಯಲ್ಲೇ ಅರ್ಧ ಖಾಲಿ.

ಪೂಜೆಯ ಮಣೆಯ ಮೇಲೆ ಈ ಸಲ ನಿನ್ನ ಹಳೆಯ ಪಿಸ್ತೂಲೂ ಇರಲಿಲ್ಲ. ನಾನು ಕೇಳಿರಲಿಲ್ಲ, ನೀನೂ ಹೇಳಲಿಲ್ಲ. ನನ್ನ ಸ್ಟೆತಾಸ್ಕೋಪಿಗೆ ನೀನು ಕುಂಕುಮ ಹಚ್ಚುವಾಗ ಕೈ ನಡುಗಿಸಿದೆ, ನಾನು ನೋಡಿದೆ. ನಮ್ಮಿಬ್ಬರಲ್ಲಿ ಪಾರ್ಕಿನ್ಸನ್ಸ್ ಯಾರಿಗೆ ಎಂದು ಒಂದು ಕ್ಷಣ ಅನುಮಾನವಾಯಿತು. ನಿವೇದಿತಾಳ ಹಾಲು ತೆಗೆಯುವ ಪಂಪನ್ನೂ ಶಾಂತವ್ವ ಮಣೆಯ ಮೇಲೆ ಇಟ್ಟದ್ದು ನೆನೆದರೆ ಈಗಲೂ ನಗು. ಅದೂ ದುಡಿಯುವ ಸಾಮಾನೇ ಎಂದು ಅವಳ ವಾದ. ಎಲೆ ಪೂರ್ತಿ ಉಂಡೆ. ಎರಡನೇ ಸಲ ಅನ್ನ ಹಾಕಿಸಿಕೊಂಡೆ.

ಕೀಲಿ ಶಾಂತವ್ವನ ಮಾಂಗಲ್ಯದ ಪಿನ್ನಿನಲ್ಲಿದೆ. ಕೂಸು ಅದನ್ನು ಹಿಡಿದು ಎಳೆಯುತ್ತದೆ.

ಕೆಲವು ದಿನ ಬೆಳಿಗ್ಗೆ ಏಳುವಾಗ ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತದೆ. ಸುಳ್ಳು ಹೇಳುವುದಿಲ್ಲ. ಈಗ ಹಾಗಾದರೆ ಶಾಂತವ್ವನನ್ನು ಎಬ್ಬಿಸಿ ಹೇಳುತ್ತೇನೆ. ಅವಳು ಚಹಾ ಮಾಡುತ್ತಾಳೆ. ಅವಳು ಕುಡಿದು ಮುಗಿಸುವವರೆಗೂ ನಾನು ಮಾತಾಡಬೇಕು ಎಂದು ಕರಾರು.

ಒಂದು ಸಹಾಯ ಆಗಬೇಕು. ನನಗೊಂದು ಮಸಿ ಪೆನ್ನು ಬೇಕು. ಹಳೆಯ ಮಾದರಿಯದು, ದಪ್ಪ ಮುಳ್ಳಿನದು. ದುಬಾರಿಯದು ಬೇಡ, ಆದರೆ ಕೈಕೊಡಬಾರದು. ನೋಡಿ ತಿಳಿಸು.

ಅಣ್ಣಾಸಾಹೇಬ


ಸೀಡರ್ ಪಾರ್ಕ್
19 ಅಕ್ಟೋಬರ್ 2024

ಅಣ್ಣಾಸಾಹೇಬ,

ಪತ್ರ ಈಗಷ್ಟೇ ಬಂತು. ಅಂಚೆಪೆಟ್ಟಿಗೆಯ ಹತ್ತಿರವೇ ನಿಂತು ಓದಿ, ಒಳಗೆ ಬಂದು ಬರೆಯುತ್ತಿದ್ದೇನೆ. ಪೆನ್ನುಗಳ ಪಟ್ಟಿ ಮಾಡಿಲ್ಲ. ನೀನು ಹೇಳುವವರೆಗೆ ಮಾಡುವುದೂ ಇಲ್ಲ.

ಯಾಕೆ?

ಸಂಪತ್